ಗೆರೆಗೆ ನಾಲ್ಕು ಬೆರಳು

ಸುಣ್ಣದ ಗೆರೆ ಒಂದು ಕಡೆ ದಪ್ಪವಾಗಿದೆ, ಹಾಕಿದವರು ಅಲ್ಲಿ ನಿಂತು ಯಾರ ಜೊತೆಗೋ ಮಾತಾಡಿರಬೇಕು, ಡಬ್ಬಿ ಬಗ್ಗಿಸಿಕೊಂಡೇ ಮಾತಾಡಿರಬೇಕು, ಒಂದು ಹಿಡಿಯಷ್ಟು ಪುಡಿ ಅಲ್ಲೇ ಗುಪ್ಪೆ ಬಿದ್ದಿದೆ, ಬೆಳಿಗ್ಗೆಯಿಂದ ಇಷ್ಟು ಕಾಲು ಓಡಾಡಿದರೂ ಅದೊಂದು ಜಾಗ ಬೆಳ್ಳಗೇ ಉಳಿದಿದೆ, ಇಷ್ಟು ಜನರಲ್ಲಿ ಅದನ್ನು ನೋಡಿದವಳು ನಾನೊಬ್ಬಳೇ ಇರಬೇಕು, ನನಗೆ ಕಾಣುವುದೆಲ್ಲ ಇಂಥದ್ದೇ — ಉಳಿದವರೆಲ್ಲ ಬೋರ್ಡು ನೋಡುತ್ತಿದ್ದಾರೆ, ಬೋರ್ಡಿನ ಮೇಲೆ ಸೊರಬ ಇಪ್ಪತ್ತೈದು, ಶಿಕಾರಿಪುರ ಇಪ್ಪತ್ನಾಲ್ಕು, ಹೆಂಗಸರ ಕಬಡ್ಡಿ ಫೈನಲ್ಲು, ಸೊರಬದ ಮೈದಾನ, ಇನ್ನೊಂದೇ ರೇಡು, ರೇಡು ನನ್ನದು. ಎದುರಿಗೆ ಐದು ಜನ ಕೈ ಕೈ ಹಿಡಿದುಕೊಂಡು ಕುಕ್ಕರಿಸಿದ್ದಾರೆ, ಬಲಮೂಲೆಯಲ್ಲಿ ಜಡೆಯವಳು, ಹೋದ ವರ್ಷ ಇದೇ ಮೈದಾನದಲ್ಲಿ ನನ್ನ ಕಾಲು ಹಿಡಿದವಳು, ಆಗ ಕಟ್ಟಿದ್ದ ಹಸಿರು ರಿಬ್ಬನ್ನನ್ನೇ ಈಗಲೂ ತಲೆಗೆ ಕಟ್ಟಿದ್ದಾಳೆ, ನನ್ನ ಮುಖ ನೋಡುತ್ತಿಲ್ಲ, ಪಾದ ನೋಡುತ್ತಿದ್ದಾಳೆ, ಜಾಣೆ. ಹಿಂದಿನಿಂದ ನಮ್ಮ ಕ್ಯಾಪ್ಟನ್ ಶರಣ್ಯ, ಪ್ರಮೀ, ಒಂದೇ ಒಂದು ಮುಟ್ಟಿ ಓಡಿ ಬಾ ಕಣೇ, ಸಮ ಆಗ್ತೈತೆ, ಒಳಗೆ ಹೋಗ್ಬೇಡ, ಅವಳ ದನಿ ನಡುಗುತ್ತಿದೆ, ಶರಣ್ಯಳ ದನಿ ನಡುಗಿದ್ದನ್ನು ಇದೇ ಮೊದಲು ಕೇಳಿದ್ದು, ನನ್ನದು ನಡುಗುತ್ತದೆಯೋ ಏನೋ ಬಾಯಿ ತೆರೆದ ಮೇಲೇ ಗೊತ್ತಾಗಬೇಕು, ತೊಡೆಯ ಹಿಂಭಾಗ ಬೆಚ್ಚಗಿದೆ, ಸಡಿಲ ಇದೆ, ಕಂಬಳಿಯ ಚುಚ್ಚು ಇನ್ನೂ ಚರ್ಮದ ಮೇಲೆ ಇದೆ, ಎರಡು ನಿಮಿಷ ಆಗಿರಬಹುದು, ಈ ಸಡಿಲ ಹತ್ತು ನಿಮಿಷ ಇರುತ್ತದೆ, ನನಗೆ ಗೊತ್ತು, ನಾನು ಅಳೆದಿದ್ದೇನೆ. ಸೀಟಿ. ಬಲಗಾಲು ಗೆರೆ ದಾಟಿತು, ಕಬಡ್ಡಿ ಕಬಡ್ಡಿ ಕಬಡ್ಡಿ.

ಕಬಡ್ಡಿ ಕಬಡ್ಡಿ, ಬಾಯಿ ತನ್ನ ಪಾಡಿಗೆ ಹೇಳುತ್ತಿದೆ, ಬಾಯಿಗೆ ಒಂದು ಕೆಲಸ ಕೊಟ್ಟುಬಿಟ್ಟರೆ ತಲೆಗೆ ಬಿಡುವು, ಮೂವತ್ತು ಸೆಕೆಂಡು ಉಸಿರು ಬಿಡದೆ ಊರೆಲ್ಲ ಕೇಳುವ ಹಾಗೆ ಹೇಳುತ್ತಿರುವುದು ನನ್ನ ಬಾಯಿಯೇ, ನೆಂಟರು ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ ಬಾಯಿ, ಹಾಜರಿ ಕೂಗಿದಾಗ ಎಸ್ ಮಿಸ್ ಎಂದದ್ದು ಮುಂದಿನ ಬೆಂಚಿಗೂ ಕೇಳದೆ ಟೀಚರು ಗೈರು ಹಾಕುತ್ತಿದ್ದರು, ಆಮೇಲೆ ನಿಜವಾಗಿಯೂ ಗೈರಾದೆ. ಅವ್ವ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡ ವರ್ಷ, ಎಂಟನೇ ಕ್ಲಾಸು, ಅಪ್ಪನ ಜೊತೆ ಮಂದೆಯ ಹಿಂದೆ ನಾನು ಹೊರಟೆ, ಸುಗ್ಗಿ ಮುಗಿದ ಹೊಲದಿಂದ ಹೊಲಕ್ಕೆ, ಒಬ್ಬರ ಹೊಲದಲ್ಲಿ ಮೂರು ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರ ಅವರಿಗೆ, ಜೋಳ ನಮಗೆ, ನಾಲ್ಕು ತಿಂಗಳು ಬಿಟ್ಟು ವಾಪಸು ಬಂದರೆ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೆರೆ, ಹೋಗಿ ಕೇಳು ಮಗಾ ಎಂದಳು ಅವ್ವ, ನಾನು ಶಾಲೆಯ ಗೇಟಿನವರೆಗೆ ಹೋಗಿ ನಿಂತು ವಾಪಸು ಬಂದೆ, ಕೇಳಲಿಲ್ಲ, ಅಷ್ಟೇ, ಅಷ್ಟಕ್ಕೇ ಮುಗಿಯಿತು. ಆದರೆ ಮಂದೆಯ ಹಿಂದೆ ನನಗೆ ದನಿ ಬಂದಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ, ಮನುಷ್ಯರಿಲ್ಲದ ಕಡೆ ನಾನು ಹೊಲದ ಆ ತುದಿಗೆ ಕೇಳುವ ಹಾಗೆ ಕೂಗುತ್ತಿದ್ದೆ, ಹೇಯ್ ಬಾ ಬಾ ಬಾ ಬಾ, ಇನ್ನೂರು ಕುರಿ ಒಟ್ಟಿಗೆ ತಿರುಗಿ ನೋಡುತ್ತಿದ್ದವು, ಈಗಲೂ ಇವರನ್ನೆಲ್ಲ ಕುರಿ ಎಂದುಕೊಂಡೇ ಕೂಗುವುದು, ತಪ್ಪು ತಿಳಿಯಬೇಡಿ ರೆಫ್ರಿ ಸಾರ್, ಕಬಡ್ಡಿ ಕಬಡ್ಡಿ, ಎಡಗಡೆಯವಳು ಅರ್ಧ ಹೆಜ್ಜೆ ಮುಂದೆ ಬಂದಳು, ಬರಲಿ, ಅವಳು ಬೆದರಿಸುವುದಕ್ಕೆ ಬರುವವಳು, ಹಿಡಿಯುವುದಕ್ಕಲ್ಲ, ಹಿಡಿಯುವವಳು ಅಲ್ಲಾಡುತ್ತಿಲ್ಲ, ಹಸಿರು ರಿಬ್ಬನ್ನು ಅಲ್ಲಾಡುತ್ತಿಲ್ಲ.

ಹಿಡಿಯುವುದು ಗೊತ್ತು ನನಗೆ, ನಾನು ಟೀಮಿಗೆ ಸೇರಿದ್ದೇ ಹಿಡಿಯುವುದರಿಂದ, ಜಿಮ್ಮಿನ ಕಸ ಗುಡಿಸುವ ಹುಡುಗಿ ಕಬಡ್ಡಿಗೆ ಬಂದದ್ದು ಹೇಗೆ ಎಂದು ಕೇಳುವವರಿಗೆ ಶರಣ್ಯಳೇ ಕಥೆ ಹೇಳುತ್ತಾಳೆ, ನಗುನಗುತ್ತಾ, ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದೆ ಸಿದ್ಧಲಿಂಗೇಶ್ ಸಾರ್ ಅವರ ಜಿಮ್ಮು, ಬೆಳಿಗ್ಗೆ ಹೆಂಗಸರ ಬ್ಯಾಚು, ಕಬಡ್ಡಿ ಟೀಮಿನವರು, ಒಂದು ದಿನ ಯಾರದೋ ಹೋತ ಮೆಟ್ಟಿಲು ಹತ್ತಿ ಒಳಗೇ ಬಂದುಬಿಟ್ಟಿತು, ಕನ್ನಡಿಯಲ್ಲಿ ಇನ್ನೊಂದು ಹೋತ ಕಂಡು ಹಾಯಲು ಹೊರಟಿತು, ಎಲ್ಲರೂ ಕಿರುಚಿ ಬೆಂಚು ಹತ್ತಿದರು, ಸಾರ್ ಕೂಡ, ನಾನು ಮಾಪು ಕೆಳಗಿಟ್ಟು ಅದರ ಹಿಂಗಾಲು ಹಿಡಿದೆ, ಒಂದೇ ಕೈ, ಮಂಡಿಯ ಮೇಲಲ್ಲ ಕೆಳಗೆ ಹಿಡಿಯಬೇಕು, ಅದು ಮೊದಲ ಸಲ ಜೋರಾಗಿ ಎಳೆಯುತ್ತದೆ, ಆ ಒಂದು ಎಳೆತ ತಡೆದುಕೊಂಡರೆ ಆಮೇಲೆ ಸುಮ್ಮನಾಗಿಬಿಡುತ್ತದೆ, ಕುರಿಯಾಗಲಿ ಆಡಾಗಲಿ ಅಷ್ಟೇ, ಶರಣ್ಯ ಬೆಂಚಿನ ಮೇಲಿಂದಲೇ, ಏ ನಿನ್ ಹೆಸ್ರೇನೇ, ಎಂದಳು, ಎರಡು ವರ್ಷದಿಂದ ಅವಳ ಚಪ್ಪಲಿ ಜೋಡಿಸಿಡುತ್ತಿದ್ದೆ, ಅವತ್ತು ಹೆಸರು ಕೇಳಿದಳು, ಪ್ರಮೀಳಾ ಎಂದೆ, ಜೋರಾಗಿ ಹೇಳೇ, ಹೋತ ಹಿಡಿಯೋಳು ಹೆಸ್ರು ಹೇಳೋಕೆ ಹೆದ್ರುತೀಯಲ್ಲ. ಹಿಡಿಯುವವಳಾಗಿ ಸೇರಿಸಿಕೊಂಡರು, ಆಮೇಲೆ ನಾನು ತಪ್ಪಿಸಿಕೊಳ್ಳುವುದು ನೋಡಿ ರೇಡಿಗೆ ಕಳಿಸಿದರು, ಹಿಡಿಯುವವಳಿಗೆ ಗೊತ್ತಿರುತ್ತದಲ್ಲ ಎಲ್ಲಿ ಹಿಡಿದರೆ ತಪ್ಪುತ್ತದೆ ಎಂದು — ಕಬಡ್ಡಿ ಕಬಡ್ಡಿ, ಈಗ ನಾನೇ ಹೋತ, ಮೊದಲ ಎಳೆತ ಒಂದೇ ನನ್ನ ಕೈಯಲ್ಲಿರುವುದು, ಅದನ್ನು ಸುಮ್ಮನೆ ಖರ್ಚು ಮಾಡಬಾರದು.

ಹೋದ ವರ್ಷ ಖರ್ಚಾಗಿತ್ತು, ಗೆರೆಯೂ ಇದೇ, ಆದರೆ ಆ ಗೆರೆ ತೆಳ್ಳಗಿತ್ತು, ಮಣ್ಣಿನ ಮೇಲೆ ಬೆಳ್ಳಗಿನ ದಾರ ಬಿದ್ದ ಹಾಗೆ, ಜಡೆಯವಳು ಕಣಕಾಲು ಹಿಡಿದಳು, ನಾನು ಮುಂದಿನ ಕಾಲು ಚಾಚಿದೆ, ಮೈ ಬಗ್ಗಿಸಿದೆ, ಕೈ ಚಾಚಿದೆ, ಚಾಚಿದ ಕೈ ಅಲ್ಲೇ ನಿಂತಿತು, ಬೆರಳಿನ ತುದಿ, ಮಣ್ಣು, ಆಮೇಲೆ ಗೆರೆ, ನಡುವೆ ನಾಲ್ಕು ಬೆರಳು, ಸರಿಯಾಗಿ ನಾಲ್ಕು, ಇನ್ನೊಂದು ಕೈಯನ್ನು ಅಡ್ಡ ಇಟ್ಟು ನೋಡಬಹುದಿತ್ತು, ತೊಡೆಯ ಹಿಂದೆ ಯಾರೋ ಹಗ್ಗಕ್ಕೆ ಗಂಟು ಹಾಕಿದ ಹಾಗೆ, ಆ ಗಂಟು ಬಿಡಲಿಲ್ಲ, ಬಾಯಲ್ಲಿ ಕಬಡ್ಡಿ ನಿಂತುಹೋಯಿತು, ಕಾಲು ಹಿಡಿದುಕೊಂಡು ಅಳುವವಳ ಹಾಗೆ ಕೂತುಬಿಟ್ಟೆ, ಸೊರಬದವರು ಕುಣಿದರು, ಬೇಲಿಯ ಆಚೆಯಿಂದ ಯಾರೋ, ಎಂತದೇ ಕುರಿ ಕಾಯೋಳೇ, ಕಾಲು ಮಂದೆಯಲ್ಲೇ ಬಿಟ್ಟು ಬಂದ್ಯಾ, ಎಂದರು, ಎಲ್ಲರೂ ನಕ್ಕರು, ನಮ್ಮವರೂ ಒಬ್ಬಿಬ್ಬರು ನಕ್ಕರು, ನಾನು ನೋಡಿದೆ ಯಾರು ಎಂದು, ನೋಡದೆ ಇರುವುದಕ್ಕೆ ನನಗೆ ಬರುವುದಿಲ್ಲ. ಅವರಿಗೆಲ್ಲ ಗೊತ್ತಿಲ್ಲದ್ದು ಒಂದಿತ್ತು, ಆ ಗಂಟು ನಾನೇ ಹಾಕಿಕೊಂಡದ್ದು, ಅವತ್ತು ಬೆಳಿಗ್ಗೆ, ನನ್ನ ಕೈಯಾರೆ, ಅಪ್ಪನ ಕೋಲಿನಿಂದ.

ಜಿಮ್ಮಿನ ಕನ್ನಡಿ ಒರೆಸುವಾಗ ಕನ್ನಡಿಯೊಳಗೆ ಎಲ್ಲರೂ ನನಗೆ ಕಾಣುತ್ತಾರೆ, ಅವರಿಗೆ ನಾನು ಕಾಣುವುದಿಲ್ಲ, ಮೂಲೆಯಲ್ಲಿ ಕಪ್ಪು ಸ್ಪಂಜಿನ ಉರುಳೆ, ಮೈಯೆಲ್ಲ ಉಬ್ಬು ಉಬ್ಬು, ರೋಲರ್ ಎನ್ನುತ್ತಾರೆ, ಸಾರ್ ಅದನ್ನು ನೆಲಕ್ಕಿಟ್ಟು ಅದರ ಮೇಲೆ ತೊಡೆಯ ಭಾರ ಬಿಟ್ಟು ಹಿಂದೆ ಮುಂದೆ ಉರುಳುತ್ತಿದ್ದರು, ಮಸಲ್ ಬಿಡುತ್ತೆ, ಬಗ್ಗೋಕೆ ಸಲೀಸು, ಎಂದು ಯಾರಿಗೋ ಹೇಳುತ್ತಿದ್ದರು, ನನಗೆ ನಗು ಬಂತು, ಇದು ನಮ್ಮಪ್ಪ ಮಾಡುವುದಲ್ಲವಾ, ದಿನವಿಡೀ ಮಂದೆಯ ಹಿಂದೆ ನಡೆದು ಸಂಜೆ ಹೊಲದ ಬದುವಿನ ಮೇಲೆ ಕೂತು, ಕೋಲನ್ನು ಮೀನಖಂಡದ ಕೆಳಗಿಟ್ಟು, ಎರಡು ಕೈಯಲ್ಲಿ ಹಿಡಿದು ಉರುಳಿಸುತ್ತಾನೆ, ಹುಟ್ಟಿದಾಗಿನಿಂದ ನೋಡಿದ್ದೇನೆ, ಇದಕ್ಕೆ ರೋಲರ್ ಯಾಕೆ, ನಮ್ಮನೆಯಲ್ಲಿ ಕೋಲು ಇದೆ. ಹೋದ ವರ್ಷ ಫೈನಲ್ಲಿನ ದಿನ ಬೆಳಿಗ್ಗೆ ಎದ್ದು ಬಚ್ಚಲ ಒಲೆಯ ಮುಂದೆ ಕೂತು ಕೋಲು ಉರುಳಿಸಿದೆ, ತೊಡೆಗೆ, ಮೀನಖಂಡಕ್ಕೆ, ನೋವಾಯಿತು, ಅವ್ವ ಯಾವಾಗಲೂ ಹೇಳುವುದು, ಬೇನೆ ಇದ್ದ ಕಡೆ ಕಣ್ಣಾಗೆ ನೀರು ಬರೋಹಂಗೆ ತಿಕ್ಕಬೇಕು, ಅವಾಗ ಬಿಟ್ಟು ಹೋಗ್ತೈತೆ, ಕಣ್ಣಲ್ಲಿ ನೀರು ಬರುವವರೆಗೆ ತಿಕ್ಕಿದೆ, ಬಂದ ಮೇಲೂ ತಿಕ್ಕಿದೆ, ಹಂಡೆಯ ನೀರು ಕುದಿದು ಮುಗಿಯುವವರೆಗೆ, ಎದ್ದರೆ ಕಾಲು ನನ್ನದಲ್ಲ, ಮಧ್ಯಾಹ್ನದ ಹೊತ್ತಿಗೆ ತೊಡೆಯ ಮೇಲೆ ನೇರಳೆ ಬಣ್ಣದ ಪಟ್ಟಿ, ಅದನ್ನು ಪ್ಯಾಂಟಿನೊಳಗೆ ಮುಚ್ಚಿಕೊಂಡು ಬಂದು ಆಡಿದೆ, ನಾಲ್ಕು ಬೆರಳು.

ಕಬಡ್ಡಿ ಕಬಡ್ಡಿ ಕಬಡ್ಡಿ, ಎಡಕ್ಕೆ ಎರಡು ಹೆಜ್ಜೆ, ಸರಪಳಿ ಎಡಕ್ಕೆ ಸರಿಯಿತು, ಬಲಕ್ಕೆ ಒಂದು, ಅವರೂ ಬಲಕ್ಕೆ, ಮಂದೆ ಹೀಗೇ, ಒಂದು ತಿರುಗಿದರೆ ಎಲ್ಲ ತಿರುಗುತ್ತವೆ, ಸಿದ್ಧಲಿಂಗೇಶ್ ಸಾರ್ ಹೊರಗಿನಿಂದ ಹತ್ತು ಸೆಕೆಂಡು ಎಂದು ಬೆರಳು ತೋರಿಸುತ್ತಿದ್ದಾರೆ, ಆಗಿದ್ದು ಹತ್ತೋ ಉಳಿದಿದ್ದು ಹತ್ತೋ, ಆಗಿದ್ದು, ಉಸಿರು ಇನ್ನೂ ಬೇಕಾದಷ್ಟಿದೆ. ಆ ನೇರಳೆ ಪಟ್ಟಿಯನ್ನು ಮೊದಲು ನೋಡಿದ್ದು ಅಪ್ಪ, ಮೂರು ದಿನ ಬಿಟ್ಟು, ನಾನು ಕುಂಟುವುದು ನೋಡಿ, ಏನಾತವ್ವ ಕಾಲಿಗೆ, ನಿನ್ ಕೋಲು ಅಪ್ಪಾ, ನನ್ ಕೋಲು ಏನ್ ಮಾಡ್ತು, ನೀನು ಉರುಳಿಸ್ಕೋತೀಯಲ್ಲ ಹಂಗೆ ಉರುಳಿಸ್ಕೊಂಡೆ, ಅಪ್ಪ ನನ್ನ ಮುಖವನ್ನೇ ನೋಡಿದ, ಬರೇ ಕೋಲೇನು, ಹೂಂ, ಬರೇ ಕೋಲು ಯಾರಾದ್ರೂ ಮೈಗೆ ಹಚ್ತಾರೇನೇ ಹುಚ್ಚಿ, ಎಲುಬಿಗೆ ಹತ್ತೈತಿ, ಕಂಬಳಿ ಎಲ್ಲೋಯ್ತು. ಕಂಬಳಿ. ಅಪ್ಪನ ಕಾಲಿನ ಮೇಲೆ ಕಂಬಳಿ ಇರುತ್ತಿತ್ತು, ಸಂಜೆಯ ಚಳಿಗೆ ಹೊದ್ದಿದ್ದಾನೆ ಎಂದುಕೊಂಡಿದ್ದೆ, ಹೊದ್ದದ್ದಲ್ಲ, ಕೋಲಿಗೆ ಎರಡು ಸುತ್ತು ಸುತ್ತಿ, ಮಡಿಕೆಯ ಮೇಲೆ ಕಾಲು ಇಡುತ್ತಿದ್ದ, ಉರುಳುತ್ತಿದ್ದದ್ದು ಉಣ್ಣೆ, ಕೋಲಲ್ಲ, ಇಪ್ಪತ್ತು ವರ್ಷ ನೋಡಿದ್ದೇನೆ, ಎಲ್ಲವನ್ನೂ ನೋಡುವವಳು ನಾನು, ಯಾರ ಚಪ್ಪಲಿಯ ಹಿಮ್ಮಡಿ ಯಾವ ಕಡೆ ಸವೆದಿದೆ ಎಂದು ಹೇಳಬಲ್ಲೆ, ಕಣ್ಣ ಮುಂದಿನ ಕಂಬಳಿ ಕಾಣಲಿಲ್ಲ, ಮತ್ತೆ ಎಷ್ಟೊತ್ತು ತಿಕ್ಕಿದಿ, ನೀರು ಕುದಿಯೋವರೆಗೆ, ಅಪ್ಪ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ, ಹತ್ತು ಸಲ ಹಿಂದೆ ಮುಂದೆ, ಮೆಲ್ಲಗೆ, ಸಾಕು, ನೀನೇನು ಕಣಕ ನಾದ್ತೀಯೇನು. ಆಮೇಲೆ ನಗುವುದನ್ನು ನಿಲ್ಲಿಸಿ ತನ್ನ ಕಂಬಳಿಯನ್ನು ಕೆಳಗೆ ಹಾಸಿದ, ಉಣ್ಣೆ ಕತ್ತರಿಸುವ ಕತ್ತರಿ ತಂದ, ಸರಿಯಾಗಿ ಅರ್ಧಕ್ಕೆ ಕತ್ತರಿಸಿದ, ಅವ್ವ ಅಯ್ಯೋ ಎಂದು ಓಡಿ ಬಂದಳು, ಬ್ಯಾಡ ಅಂದ್ರೂ ಕೇಳಲ್ವಲ್ಲ, ಚಳಿಗಾಲಕ್ಕೆ ಏನ್ ಹೊದಿತಿ, ಅರ್ಧ ಹೊದಿತೀನಿ ಬಿಡು, ಚಳಿನೂ ಈಗ ಅರ್ಧನೇ ಐತೆ.

ಆ ಅರ್ಧ ಕಂಬಳಿಯನ್ನು ಪೈಪಿಗೆ ಸುತ್ತಿ ಹೊಲಿದೆ, ಪೈಪು ಕೊಟ್ಟವರು ಸಿದ್ಧಲಿಂಗೇಶ್ ಸಾರ್, ಅವರ ತಂದೆಯ ಅಂಗಡಿಯಲ್ಲಿ ಉಳಿದ ನಾಲ್ಕಿಂಚು ದಪ್ಪದ ತುಂಡು, ಯಾಕಮ್ಮಾ ಇದು ಎಂದು ಕೇಳಿದರು, ನಾನು ಪೈಪಿನ ಧೂಳು ಒರೆಸತೊಡಗಿದೆ, ಸರಿ ತಗೊಂಡು ಹೋಗು ಎಂದರು. ಬೆಳಿಗ್ಗೆ ಯಾರೂ ಬರುವ ಮುಂಚೆ ಜಿಮ್ಮಿನ ನೆಲದ ಮೇಲೆ ಕೂತು ಕಾಲು ಚಾಚಿ, ಹಿಮ್ಮಡಿಯನ್ನು ಟೈಲ್ಸಿನ ಗೆರೆಗೆ ಸರಿಯಾಗಿ ಇಟ್ಟು ಬಗ್ಗುತ್ತಿದ್ದೆ, ಬೆರಳು ಗೆರೆಗೆ ಎರಡು ಬೆರಳು ಈಚೆಗೇ ನಿಲ್ಲುತ್ತಿತ್ತು, ಪೈಪಿನ ಮೇಲೆ ತೊಡೆ ಇಟ್ಟು ಮೆಲ್ಲಗೆ ಉರುಳಿ, ನಲವತ್ತು ಎಣಿಸುವವರೆಗೆ, ಮತ್ತೆ ಬಗ್ಗಿದರೆ ಗೆರೆ ಸಿಗುತ್ತಿತ್ತು, ಎಷ್ಟು ಸಲ ಮಾಡಿದರೂ ಅಷ್ಟೇ, ಆಮೇಲೆ ಹಾಲ್ ಪೂರ್ತಿ ಒರೆಸಿ ಬಂದು ಬಗ್ಗಿದರೆ ಇನ್ನೂ ಸಿಗುತ್ತಿತ್ತು, ಮೆಟ್ಟಿಲೂ ಒರೆಸಿ ಬಂದರೆ ಒಂದು ಬೆರಳು ವಾಪಸು ಹೋಗಿರುತ್ತಿತ್ತು, ಚಹಾ ಕುಡಿದು ಬಂದರೆ ಎರಡೂ ಹೋಗಿರುತ್ತಿದ್ದವು, ಓ, ಇದು ಹಾಕಿಟ್ಟುಕೊಳ್ಳುವ ವಸ್ತುವಲ್ಲ, ಬಿಸಿ ರೊಟ್ಟಿ ಇದ್ದ ಹಾಗೆ, ಆಗಲೇ ತಿನ್ನಬೇಕು. ಇದನ್ನು ಯಾರಿಗೂ ಹೇಳಲಿಲ್ಲ. ಶರಣ್ಯ ಆಟಕ್ಕೆ ಮುಂಚೆ ಕಾಲು ಚಾಚಿ ಹೆಬ್ಬೆಟ್ಟು ಹಿಡಿದುಕೊಂಡು ಅಲುಗಾಡದೆ ಕೂರುತ್ತಾಳೆ, ಒಂದೊಂದು ಕಾಲಿಗೆ ಎರಡು ಮೂರು ನಿಮಿಷ, ಎದ್ದು ಗೋಡೆಯ ಮೇಲ್ಭಾಗ ಮುಟ್ಟಲು ಜಿಗಿದರೆ ಅವಳ ಜಿಗಿತ ಸ್ವಲ್ಪ ಸೋತಿರುತ್ತದೆ, ಅವಳಿಗೆ ಗೊತ್ತಿಲ್ಲ, ಗೋಡೆಯ ಮೇಲೆ ಅವಳ ಬೆವರಿನ ಕೈ ಬಿದ್ದ ಜಾಗ ಒರೆಸುವವಳು ನಾನು, ದಿನವೂ ಒರೆಸುವಾಗ ನೋಡುತ್ತೇನೆ, ಚಾಚಿಕೊಂಡು ಕೂತ ದಿನ ಗುರುತು ಒಂದು ಬೆರಳು ಕೆಳಗೆ, ನಾನು ಪೈಪು ಉರುಳಿಸಿ ಜಿಗಿದರೆ ನನ್ನ ಗುರುತು ಇದ್ದಲ್ಲೇ ಇರುತ್ತದೆ, ಮೇಲೂ ಇಲ್ಲ ಕೆಳಗೂ ಇಲ್ಲ, ಉರುಳೆ ಶಕ್ತಿ ಕೊಡುವುದಿಲ್ಲ, ಇರುವುದನ್ನು ಕಿತ್ತುಕೊಳ್ಳುವುದೂ ಇಲ್ಲ, ಮೈ ಸ್ವಲ್ಪ ಉದ್ದ ಮಾಡಿ ಕೊಡುತ್ತದೆ ಅಷ್ಟೇ, ಹತ್ತು ನಿಮಿಷಕ್ಕೆ, ಸಾಲದಾ.

ಒಂದು ದಿನ ಹೇಳಿದೆ, ಹೇಗೆ ಹೇಳಿದೆನೋ, ಗೋಡೆ ತೋರಿಸಿ, ಅಕ್ಕಾ ನಿಮ್ ಕೈ ಇವತ್ತು ಇಲ್ಲಿ, ಸೋಮವಾರ ಕಾಲು ಚಾಚದೆ ಜಿಗಿದಾಗ ಮೇಲೆ ಅಲ್ಲಿ, ಶರಣ್ಯ ಸೊಂಟದ ಮೇಲೆ ಕೈ ಇಟ್ಟು, ಏನೇ, ನಂಗೇ ಹೇಳ್ಕೊಡ್ತೀಯಾ, ಎಂದಳು, ಮಾಪಿನ ಬಕೆಟ್ಟು ಎತ್ತಿಕೊಂಡು ಹೋಗಿಬಿಡೋಣ ಎನಿಸಿತು, ಹೋಗಲಿಲ್ಲ, ಮತ್ತೊಂದು ಶಾಲೆಯ ಗೇಟು ಬೇಡ ಎನಿಸಿತು, ಒಂದ್ ಸಲ ಉರುಳಿ ನೋಡಿ ಅಕ್ಕಾ, ಎಂದೆ, ಅವಳು ಜಿಮ್ಮಿನ ಸ್ಪಂಜಿನ ರೋಲರ್ ಎಳೆದುಕೊಂಡು ಮಲಗಿದಳು, ಉರುಳಿದಳು, ಬಗ್ಗಿದಳು, ಜಿಗಿದಳು, ಗೋಡೆಯ ಮೇಲೆ ಗುರುತು ನೋಡಿದಳು, ಸೋಮವಾರದ ಜಾಗ, ಸಾರ್ ಇಲ್ಬನ್ನಿ ಸಾರ್, ನಿಮ್ಮ ಟ್ರೇನರ್ ಕೆಲಸ ಹೋಯ್ತು, ಪ್ರಮೀಗೆ ಕೊಡಿ, ನೀವು ಮಾಪು ಹಿಡ್ಕೊಳ್ಳಿ. ಸಾರ್ ನಕ್ಕರು, ಆದರೆ ಬಂದು ಟೈಲ್ಸಿನ ಗೆರೆ ನೋಡಿದರು, ನನ್ನನ್ನು ನೋಡಿದರು, ಎಷ್ಟು ದಿನದಿಂದ ಅಳೀತಿದೀಯಮ್ಮಾ, ಎಂಟು ತಿಂಗಳು ಸಾರ್, ಎಂಟು ತಿಂಗಳಲ್ಲಿ ಬಗ್ಗಿ ಬಗ್ಗಿ ಇನ್ನೊಂದು ಬೆರಳು ಬಂದಿತ್ತು, ಈಗ ವರ್ಷವಾಯಿತು, ಎರಡಾಗಿದೆ, ಅದು ಚಹಾ ಕುಡಿದು ಬಂದರೂ ಹೋಗುವುದಿಲ್ಲ, ಅದು ನನ್ನದೇ, ವರ್ಷದ್ದು ಎರಡು, ಉರುಳೆಯದು ಎರಡು, ನಾಲ್ಕು, ನಾಲ್ಕು ಬೆರಳು.

ಆದರೆ ಉರುಳೆಯ ಎರಡು ಬೇಕಾದರೆ ಆಗಲೇ ಉರುಳಬೇಕು, ಅಲ್ಲೇ ಉರುಳಬೇಕು, ಮನೆಯಲ್ಲಿ ಉರುಳಿ ಬಸ್ಸು ಹತ್ತಿದರೆ ಶಿರಾಳಕೊಪ್ಪ ದಾಟುವುದರೊಳಗೆ ಮುಗಿದಿರುತ್ತದೆ, ಇದೇ ಒಂದು ನನ್ನನ್ನು ವರ್ಷವೆಲ್ಲ ಕಾಡಿದ್ದು, ಸೊರಬದ ಮೈದಾನದಲ್ಲಿ, ಅಷ್ಟು ಜನರ ಮುಂದೆ, ಗಂಡಸರ ಮುಂದೆ, ನೆಲಕ್ಕೆ ಬಿದ್ದು ತೊಡೆ ಉರುಳಿಸುವುದು, ನಾನು, ಪೈಪನ್ನು ಬ್ಯಾಗಿನಲ್ಲಿ ಟವೆಲ್ಲಿನ ಒಳಗೆ ಮುಚ್ಚಿ ತಂದಿದ್ದೆ, ಆಟಕ್ಕೆ ಮುಂಚೆ ತೆಗೆಯಲಿಲ್ಲ, ಅರ್ಧ ಆಟದ ಬಿಡುವಿನಲ್ಲೂ ತೆಗೆಯಲಿಲ್ಲ, ಶರಣ್ಯ ಕೇಳಿದಳು, ಇಲ್ಲ ಅಕ್ಕಾ ಪರವಾಗಿಲ್ಲ, ಪರವಾಗಿತ್ತು, ಎರಡು ಸಲ ಕಾಲು ಬಿಗಿಯಿತು, ಎರಡು ಸಲ ಬರಿಗೈಯಲ್ಲಿ ವಾಪಸು ಬಂದೆ. ಈಗ, ಈ ರೇಡಿಗೆ ಸ್ವಲ್ಪ ಮುಂಚೆ, ಸೊರಬದ ಎಡಮೂಲೆಯವಳ ಮಂಡಿ ತರಚಿತು, ರಕ್ತ, ರೆಫ್ರಿ ಆಟ ನಿಲ್ಲಿಸಿದರು, ಎರಡು ನಿಮಿಷ, ಯಾರೋ ಅರಿಶಿನ ತಂದರು, ಯಾರೋ ಬ್ಯಾಂಡೇಜು, ಎಲ್ಲರೂ ಅವಳ ಸುತ್ತ, ನಾನು ಬ್ಯಾಗು ನೋಡಿದೆ, ಬ್ಯಾಗು ನನ್ನನ್ನು ನೋಡಿತು, ನಾಲ್ಕು ಬೆರಳು, ಹೋಗಿ ಟವೆಲ್ಲು ಬಿಚ್ಚಿ ಪೈಪು ತೆಗೆದೆ, ಗೆರೆಯ ಹೊರಗೆ ನೆಲಕ್ಕಿಟ್ಟೆ, ಕೂತೆ, ಕಾಲಿಟ್ಟೆ, ಉರುಳಿದೆ.

ಮೊದಲು ಒಬ್ಬರು ನೋಡಿದರು, ಆಮೇಲೆ ಹತ್ತು ಜನ, ಆಮೇಲೆ ಬೇಲಿಗೆ ಬೇಲಿಯೇ, ಹೋಯ್ ಇಲ್ನೋಡಿ ಮಾರಾಯ್ರೆ, ಶಿಕಾರಿಪುರದವಳು ಉರುಳು ಸೇವೆ ಶುರು ಮಾಡಿದ್ಲು, ಯಾವ ದೇವ್ರಿಗೇ ಹರಕೆ, ಗುಡಿ ಆ ಕಡೆ ಇದ್ದು ತಂಗೀ, ಈ ಕಡೆ ಅಲ್ಲ, ನಗು, ಸೀಟಿ, ಒಬ್ಬರು ಮೊಬೈಲು ಎತ್ತಿದರು, ನನ್ನ ಮುಖ ಒಲೆಯ ಮುಂದೆ ಇಟ್ಟ ಹಾಗೆ ಸುಡುತ್ತಿತ್ತು, ಹನ್ನೊಂದು, ಹನ್ನೆರಡು, ಎಣಿಸುವುದನ್ನು ಬಿಡಲಿಲ್ಲ, ಮೆಲ್ಲಗೆ, ಬೇಗ ಮುಗಿಸಿಬಿಡು ಎನ್ನುತ್ತಿತ್ತು ಮೈ, ಬೇಗ ಮಾಡಿದರೆ ಬರುವುದಿಲ್ಲ ಎನ್ನುತ್ತಿತ್ತು ಕೈ, ಆಗ ನಗುವಿನ ಮೇಲಿಂದ ಒಂದು ಕೂಗು, ಹೊಲದ ಈ ತುದಿಯಿಂದ ಆ ತುದಿಗೆ ಕೇಳುವ ಕೂಗು, ಮೆಲ್ಲಗೇ ಮಗಾ, ಅವಸರ ಬ್ಯಾಡಾ, ಅಪ್ಪ. ಅಪ್ಪ ಇಲ್ಲಿ ಎಲ್ಲಿ. ಇದೇ ತಾಲ್ಲೂಕಿನ ಉಳವಿಯ ಕಡೆ ಮಂದೆ ನಿಲ್ಲಿಸಿದ್ದವನು, ಮಂದೆಯನ್ನು ಯಾರಿಗೆ ವಹಿಸಿ ಬಂದನೋ, ಬೇಲಿಯ ಹಿಂದೆ ನಿಂತಿದ್ದಾನೆ, ಕೈಯಲ್ಲಿ ಕೋಲು, ಹೆಗಲ ಮೇಲೆ ಅರ್ಧ ಕಂಬಳಿ, ನಗುತ್ತಿದ್ದವರೆಲ್ಲ ತಿರುಗಿ ಅವನನ್ನು ನೋಡಿದರು, ಅವನು ಯಾರನ್ನೂ ನೋಡಲಿಲ್ಲ, ಆಮೇಲೆ ಆ ಕಾಲಿಗೂ ಉರುಳಿಸ್ಕೋ, ಎಂದ, ಅಷ್ಟೇ ಜೋರಾಗಿ, ಅವನಿಗೆ ಜನ ಇದ್ದಾರೆ ಎನ್ನುವುದೇ ಗೊತ್ತಿಲ್ಲದ ಹಾಗೆ, ನನಗೆ ನಗು ಬಂದುಬಿಟ್ಟಿತು, ನೆಲದ ಮೇಲೆ, ಪೈಪಿನ ಮೇಲೆ, ಅಷ್ಟು ಜನರ ಮುಂದೆ ನಕ್ಕೆ, ಆ ಕಾಲಿಗೂ ಉರುಳಿಸಿಕೊಂಡೆ, ನಲವತ್ತು ಪೂರ್ತಿ ಎಣಿಸಿದೆ, ರೆಫ್ರಿ, ಏನಮ್ಮಾ ಅದು, ಎಂದರು, ಕಂಬಳಿ ಸಾರ್, ಎಂದೆ, ಜೋರಾಗಿ, ನನ್ನ ದನಿ ನನಗೇ ಕೇಳಿತು.

ಕಬಡ್ಡಿ ಕಬಡ್ಡಿ, ಇಪ್ಪತ್ತು, ಸಾರ್ ಎರಡು ಕೈಯ ಬೆರಳೂ ಎರಡು ಸಲ ಮುಚ್ಚಿ ತೆರೆದರು, ಒಂದು ಮುಟ್ಟಿ ಓಡಿ ಬಾ ಪ್ರಮೀ, ಶರಣ್ಯ, ಮುಟ್ಟಿದರೆ ಸಮ, ಸಮ ಆದರೆ ಮತ್ತೆ ಆಡಬೇಕು, ಅಷ್ಟರೊಳಗೆ ಹತ್ತು ನಿಮಿಷ ಮುಗಿದು ತೊಡೆ ವಾಪಸು ಹೋಗಿರುತ್ತದೆ, ಸಮ ಬೇಡ, ಈಗಲೇ, ಹಸಿರು ರಿಬ್ಬನ್ನಿನ ಮುಂದೆ ಬಲಗಾಲಿನ ಹಿಮ್ಮಡಿ ಒಂದು ಗಳಿಗೆ ಜಾಸ್ತಿ ಬಿಟ್ಟೆ, ತಗೋ, ನೀನು ಪಾದ ನೋಡುವವಳು, ತಗೋ, ಅವಳ ಭುಜಕ್ಕೆ ಬೆರಳು ತಾಗಿಸಿ ತಿರುಗಿದೆ, ಒಂದು ಹೆಜ್ಜೆ, ಎರಡು, ಮೂರನೆಯದು ಏಳಲಿಲ್ಲ, ಕಣಕಾಲಿಗೆ ಕೈ ಬಿತ್ತು, ಮಂಡಿಯ ಕೆಳಗೆ, ಸರಿಯಾದ ಜಾಗ, ಭೇಷ್, ನಾನೂ ಅಲ್ಲೇ ಹಿಡಿಯುತ್ತಿದ್ದೆ, ಸೊಂಟಕ್ಕೆ ಇನ್ನೊಬ್ಬಳು, ಬೆನ್ನಿನ ಮೇಲೆ ಮತ್ತೊಬ್ಬಳು, ಮೂರು ಜನ, ಗೆರೆ ಮುಟ್ಟಿದರೆ ಮೂರು ಪಾಯಿಂಟು, ಮೈದಾನ ಎದ್ದು ನಿಂತಿತು, ಸಿಕ್ಳು ಸಿಕ್ಳು ಸಿಕ್ಳು, ಕಬಡ್ಡಿ ಕಬಡ್ಡಿ, ಸಿಕ್ಕಿಲ್ಲ, ಮೊದಲ ಎಳೆತ ಇನ್ನೂ ನನ್ನ ಹತ್ತಿರ ಇದೆ, ಕೊಟ್ಟಿಲ್ಲ, ಈಗ ಕೊಡುತ್ತೇನೆ, ಎಡಗಾಲು ಮುಂದೆ, ಮಣ್ಣಿನ ಮೇಲೆ ಜಾರಲಿ, ಜಾರಲಿ, ಹಿಂದಿನ ಕಾಲನ್ನು ಅವಳೇ ಇಟ್ಟುಕೊಳ್ಳಲಿ, ಮುಂದಿನದು ಹೋಗುತ್ತಿದೆ, ಹೋದ ವರ್ಷ ಗಂಟು ಬಿದ್ದ ಜಾಗ ಬಂತು, ಬಂತು, ದಾಟಿತು, ಗಂಟಿಲ್ಲ, ತೊಡೆ ಬಿಟ್ಟುಕೊಡುತ್ತಿದೆ, ಬಿಟ್ಟುಕೊಟ್ಟರೂ ಸೋತಿಲ್ಲ, ಮೂರು ಜನರ ಭಾರವನ್ನು ಎಳೆದುಕೊಂಡೇ ಉದ್ದವಾಗುತ್ತಿದೆ, ನೆಲಕ್ಕೆ ಕೂತೆ, ಕಾಲಿನ ಮೇಲೆ ಮೈ ಬಗ್ಗಿಸಿದೆ, ಇದು ನನಗೆ ಗೊತ್ತಿರುವ ಜಾಗ, ಬೆಳಿಗ್ಗೆ ಐದೂವರೆಯ ಜಿಮ್ಮು, ಟೈಲ್ಸು, ಹಿಮ್ಮಡಿ, ಬೆರಳು, ಕೈ ಚಾಚಿದೆ, ಮಣ್ಣು, ನಾಲ್ಕು ಬೆರಳು, ಕಬಡ್ಡಿ, ಮೂರು, ಯಾರೋ ತಲೆಯ ಮೇಲೆ ಕೂತಿದ್ದಾರೆ, ಕಬಡ್ಡಿ, ಎರಡು, ವರ್ಷದ್ದು ಮುಗಿಯಿತು, ಇನ್ನು ಉರುಳೆಯದು, ಕಬಡ್ಡಿ, ಒಂದು, ಕಂಬಳಿಯ ಚುಚ್ಚು, ಅರ್ಧ ಕಂಬಳಿ, ಮೆಲ್ಲಗೇ ಮಗಾ, ಕಬಡ್ಡಿ, ಗುಪ್ಪೆ ಬಿದ್ದ ಜಾಗ, ದಪ್ಪಗಿರುವ ಜಾಗ, ಮೆತ್ತಗಿದೆ, ಹಿಟ್ಟಿನ ಹಾಗೆ ಮೆತ್ತಗೆ, ತಣ್ಣಗೆ.

ಸೀಟಿ, ಉದ್ದಕ್ಕೆ ಒಂದು ಸೀಟಿ, ರೆಫ್ರಿಯ ಕೈ ನಮ್ಮ ಕಡೆಗೆ, ಮೂರು ಬೆರಳು ಎತ್ತಿದ್ದಾರೆ, ಮೂರು, ಮೂರು ಕಣೇ, ಗೆದ್ವಿ ಕಣೇ ಪ್ರಮೀ, ಶರಣ್ಯ ಮೇಲೆ ಬಂದು ಬಿದ್ದಳು, ಅವಳ ಮೇಲೆ ಇನ್ನೂ ಯಾರು ಯಾರೋ, ಜಡೆಯವಳು ಕಣಕಾಲು ಬಿಟ್ಟಳು, ಬಿಟ್ಟು ಅಲ್ಲೇ ಕೂತು, ಎಂತ ಉದ್ದ ಇದೀಯೇ ನೀನು, ಎಂದಳು, ಬೈಗುಳದ ಹಾಗೆ, ಆಮೇಲೆ ಆ ಪೈಪು ನಂಗೂ ತೋರ್ಸು, ಬೇಲಿಯ ಹಿಂದೆ ಕೋಲು ಮೇಲೆ ಕೆಳಗೆ ಕುಣಿಯುತ್ತಿದೆ, ಹೇಯ್ ಬಾ ಬಾ ಬಾ ಬಾ ಎಂದು ಕೂಗುತ್ತಿದ್ದಾನೆ ಅಪ್ಪ, ಖುಷಿಗೆ ಅವನಿಗೆ ಬೇರೆ ಕೂಗು ಬರುವುದಿಲ್ಲ, ನನ್ನ ಬಾಯಿ ಇನ್ನೂ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇದೆ, ಯಾರೋ, ಸಾಕು ನಿಲ್ಸೇ ಹುಚ್ಚಿ, ಆಟ ಮುಗೀತು, ಎಂದರು, ನಿಲ್ಲಿಸಿದೆ, ಬಾಯಿ ನಿಂತಿತು, ಬಾಯಿ ನಿಂತ ಕೂಡಲೇ ತಲೆಯೂ ನಿಂತಿತು, ಕೈ ಇನ್ನೂ ಚಾಚಿ ಮಣ್ಣಿನ ಮೇಲೇ ಇದೆ, ತೆಗೆಯುವುದಕ್ಕೆ ಮನಸ್ಸಿಲ್ಲ, ನಡುಬೆರಳಿನ ತುದಿ, ಉಗುರಿನ ಸಂದಿಯಲ್ಲಿ ಸುಣ್ಣ, ಬೆಳ್ಳಗೆ, ಬೆರಳಿನ ತುದಿಯಲ್ಲಿ ಗೆರೆ, ಬೆಳ್ಳಗೆ, ನಡುವೆ ಮಣ್ಣಿಲ್ಲ, ಬೆರಳು, ಗೆರೆ, ಬೆಳ್ಳಗೆ.